ಮದರ್‌ಬೋರ್ಡಿಗೆ ಅಭ್ಯಂಜನ

"ಬಾರೇ ಇಲ್ಲಿ, ಇತಿಹಾಸ ಶುರುವಾಗೋದನ್ನ ನೋಡು!"

ನಮ್ಮ ಯಜಮಾನರು ಹಾಗೆ ಕೂಗಿದಾಗ ಮಧ್ಯಾಹ್ನ ಮೂರು ಗಂಟೆ. ಇತಿಹಾಸ ಶುರುವಾಗಲಿದ್ದದ್ದು ನನ್ನ ಅಡುಗೆ ಕಟ್ಟೆಯ ಮೇಲೆ! ಅವರ ಮುನ್ನೋಟ ಯಂತ್ರ ಮೂರು ವರ್ಷದಿಂದ ಅಲ್ಲೇ ಠಿಕಾಣಿ ಹೂಡಿತ್ತು. ಒಲೆ ಹಿತ್ತಲಿಗೆ ಹೋಗಿತ್ತು, ಒಲೆಯ ಹಿಂದೆ ನಾನೂ. ನಾಲ್ಕಕ್ಕೆ ಕಾಲೇಜಿನ ಪ್ರೊಫೆಸರ್ ತಿಪ್ಪೇಸ್ವಾಮಿಯವರು ಬರುವವರಿದ್ದರು. ಅವರು ಮೆಚ್ಚಿದರೆ ಯಂತ್ರಕ್ಕೆ ಕಾಲೇಜಿನಲ್ಲಿ ಒಂದು ಕೋಣೆ, ನನಗೆ ನನ್ನ ಅಡುಗೆಮನೆ! ಅದಕ್ಕೇ ಎಲ್ಲ ಸಹಿಸಿಕೊಂಡಿದ್ದೆ.

ಕಟ್ಟೆಯ ಮೇಲೆ ಯಂತ್ರದ ಎರಡು ಮದರ್‌ಬೋರ್ಡ್ ಅಕ್ಕಪಕ್ಕ ಮಲಗಿದ್ದವು.

"ಎರಡೂ ಒಂದೇ ಥರ ಇವೆಯಲ್ರೀ?"

"ಪ್ರೊಸೆಸರ್ ಒಂದೇ, ಮೆಮೊರಿ ಒಂದೇ. ಚಿಪ್‌ಸೆಟ್ ಮಾತ್ರ ಬೇರೆ. ಬಲಗಡೆಯದು ದುಬಾರಿ; ಪ್ರೊಸೆಸರನ್ನ ಅಳತೆ ಮೀರಿ ಓಡಿಸೋಕೆ, ಅಂದ್ರೆ ಓವರ್‌ಕ್ಲಾಕ್ ಮಾಡೋಕೆ ಬಿಡುತ್ತೆ. ಎಡಗಡೆಯ ಅಗ್ಗದ್ದು ಬಿಡಲ್ಲ. ನಾನು ಅದರ ಬೀಗ ಮುರಿದಿದ್ದೀನಿ! ಜೋರಾಗಿ ಓಡಿದಷ್ಟೂ ಮುಂದಾಗೋದು ಕಾಣುತ್ತೆ."

"ಮುರಿಯೋದ್ರಲ್ಲಿ ನಿಮ್ಮನ್ನ ಮೀರಿಸೋರುಂಟೇ?"

ಸ್ವಿಚ್ ಒತ್ತಿದರು. ಎರಡೂ ಬೋರ್ಡ್ ಒಂದೊಂದು ಚೀಟಿ ಉಗುಳಿದವು: 'ಒಂದು ನಿಮಿಷದಲ್ಲಿ ಹಾಲು ಉಕ್ಕುತ್ತದೆ.' ನಾನು ಹಿತ್ತಲಿಗೆ ಓಡುವಷ್ಟರಲ್ಲಿ ಉಕ್ಕಿಯೇ ಬಿಟ್ಟಿತು!

ಯಜಮಾನರು ವೇಗ ಏರಿಸುತ್ತಾ ಹೋದರು. ಬಿಸಿಯಾದೊಡನೆ ದುಬಾರಿ ಬೋರ್ಡ್ ಜಾಣತನದಿಂದ ತಾನೇ ಮೆಲ್ಲಗಾಯಿತು. ಬೀಗ ಮುರಿಸಿಕೊಂಡ ಅಗ್ಗದ್ದಕ್ಕೆ ಆ ಬುದ್ಧಿ ಎಲ್ಲಿಂದ ಬರಬೇಕು? ಪಕ್ಕದಲ್ಲಿಟ್ಟಿದ್ದ ಹಪ್ಪಳ ತಾನಾಗಿ ಸುಟ್ಟುಕೊಂಡಿತು!

"ತಂಪು ಮಾಡ್ರೀ! ಮನೆ ಹತ್ಕೊಳ್ಳುತ್ತೆ!"

"ಫ್ಯಾನ್ ತಿರುಗ್ತಾ ಇದೆಯಲ್ಲೇ!"

"ಅಯ್ಯೋ ಪಾಪ, ನೆತ್ತಿ ಕಾದಿದೆ ಕಣೋ ರಂಗಧಾಮು" ಎಂದು ಮಗನಿಗೆ ಹೇಳುತ್ತಾ ಬಂದರು ನಮ್ಮತ್ತೆ. ವಯಸ್ಸು ಎಂಬತ್ತೆರಡು. ನಾವು ನೋಡನೋಡುತ್ತಿದ್ದಂತೆ ಅಗ್ಗದ ಬೋರ್ಡಿನ ಪ್ರೊಸೆಸರಿನ ನೆತ್ತಿಗೆ ಒಂದು ಅಂಗೈ ಹರಳೆಣ್ಣೆ ಸುರಿದು ತಟ್ಟಿಬಿಟ್ಟರು! ನಾವಿಬ್ಬರೂ ಕಿಟಾರನೆ ಕಿರುಚಿಕೊಂಡೆವು.

ಬಿಸಿ ಇಳಿಯಿತು! "ಎಣ್ಣೇಲಿ ಕರೆಂಟ್ ಹರಿಯಲ್ಲ ಕಣೇ!" ಎಂದು ಯಜಮಾನರು ಕುಣಿದಾಡಿದರು. ಅಗ್ಗದ ಬೋರ್ಡ್ ಈಗ ಓಟಕ್ಕೆ ಬಿತ್ತು. 'ಎಂಟು ನಿಮಿಷದಲ್ಲಿ ಎದುರುಮನೆ ಬೆಕ್ಕು ಹಾಲಿಗೆ ಬಾಯಿ ಹಾಕುತ್ತದೆ.' ಹಾಕಿತು! ಆಮೇಲೆ ಬಂದ ಚೀಟಿಯನ್ನು ನಾನೇ ಗಟ್ಟಿಯಾಗಿ ಓದಿದೆ: '3.42ಕ್ಕೆ ನನ್ನ ಸಾವು. ಕಾರಣ: ಸೀಗೆಕಾಯಿ.'

"ಬಿಸಿಗೆ ತಲೆ ಕೆಟ್ಟಿದೆ ಅಷ್ಟೆ. ಕಂಪ್ಯೂಟರಿಗೂ ಸೀಗೆಕಾಯಿಗೂ ಎಲ್ಲಿಯ ಸಂಬಂಧ?" ಎಂದರು ಯಜಮಾನರು.

ಗಡಿಯಾರದಲ್ಲಿ 3.41. ತಿರುಗಿ ನೋಡಿದರೆ ಅತ್ತೆ ಇಲ್ಲ! ಬಚ್ಚಲಲ್ಲಿ ಹಂಡೆಯಿಂದ ನೀರು ಮೊಗೆಯುವ ಸದ್ದು. ಈ ಮನೆಯಲ್ಲಿ ಅತ್ತೆಯ ಕೈಲಿ ಎಣ್ಣೆ ಹಚ್ಚಿಸಿಕೊಂಡವರು ನೀರು ಹಾಕಿಸಿಕೊಳ್ಳದೆ ತಪ್ಪಿಸಿಕೊಂಡದ್ದೇ ಇಲ್ಲ.

"ಅತ್ತೇ, ಹಾಕ್ಬೇಡಿ!"

"ಎಣ್ಣೆ ಹಾಗೇ ಬಿಟ್ರೆ ಶೀತ ಆಗುತ್ತೆ ಕಣೇ!"

ಸೀಗೆಪುಡಿ ಕದಡಿದ ಬಿಸಿನೀರು ಒಂದು ದೊಡ್ಡ ಚೊಂಬು, ಬಾಗಿಲಿಂದಲೇ ಎರಚಿದರು! ಢಮಾರ್! ನೀಲಿ ಬೆಳಕು ಹಾರಿತು. ಸ್ಪೀಕರಿನಿಂದ "ಆಕ್ಷೀ!" ಎಂದು ಒಂದು ಸೀನು ಕೇಳಿತು, ಬೀದಿಯ ಕರೆಂಟೆಲ್ಲ ಹೋಯಿತು.

"ನೋಡು, ಆಗಲೇ ಶೀತ ಆಗಿಬಿಟ್ಟಿದೆ" ಎಂದರು ಅತ್ತೆ.

ಅಷ್ಟಾದ ಮೇಲೆ, ಬ್ಯಾಟರಿಯಲ್ಲಿ ಬದುಕಿದ್ದ ದುಬಾರಿ ಬೋರ್ಡ್ ನಿಧಾನವಾಗಿ ಚೀಟಿ ಹೊರಹಾಕಿತು: 'ಎಚ್ಚರಿಕೆ. ಅಜ್ಜಿ ಬರುತ್ತಿದ್ದಾರೆ.'

ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂತರು. ಹೋಯಿತು ನನ್ನ ಅಡುಗೆಮನೆ ಎಂದು ನನಗೂ ಅಳು ಬಂತು. ನಾಲ್ಕಕ್ಕೆ ಬಂದ ತಿಪ್ಪೇಸ್ವಾಮಿಯವರು ನಡೆದದ್ದನ್ನೆಲ್ಲ ಕೇಳಿ, ಒದ್ದೆ ಚೀಟಿಗಳನ್ನು ಮೂರು ಸಲ ಓದಿ ಬೆವರು ಒರೆಸಿಕೊಂಡರು.

"ಗಂಟೆ, ನಿಮಿಷ, ಕಾರಣ, ಎಲ್ಲ ಸರಿಯಾಗಿ ಹೇಳಿ ಸತ್ತಿದೆಯಲ್ರೀ! ಕೋಣೆ ನಿಮ್ಮದೇ. ಇನ್ನೊಂದು ಅಗ್ಗದ ಬೋರ್ಡ್ ತರಿಸ್ತೀನಿ. ಆದ್ರೆ ಎಣ್ಣೆ ಹಚ್ಚೋಕೆ ತಾಯಿಯವರೇ ಬರಬೇಕು!"

ಈಗ ಪ್ರತಿ ಶನಿವಾರ ಅತ್ತೆ ಹರಳೆಣ್ಣೆ ಬಾಟಲಿ ಹಿಡಿದು ಕಾಲೇಜಿಗೆ ಹೋಗುತ್ತಾರೆ. ಅಡುಗೆಮನೆ ನನ್ನದಾಗಿದೆ. ಸೀಗೆಪುಡಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಆ ಬೀಗವನ್ನೊಂದು ಯಜಮಾನರು ಮುರಿಯದಿದ್ದರೆ ಸಾಕು.