ಖರೇ ನೂರು ವ್ಯಾಟಿನ ಆಂಪ್ಲಿಫೈಯರ್

ಈ ಪ್ರಕರಣದಲ್ಲಿ ಸೀನಿದವರು ಒಟ್ಟು ಹತ್ತೊಂಬತ್ತು ಮಂದಿ. ಅವರಲ್ಲಿ ಒಬ್ಬರದೂ ತಪ್ಪಿರಲಿಲ್ಲ. ತಪ್ಪು ಮಾಡಿದವನಿಗೆ ಅಂದು ನೆಗಡಿಯಾಗಿ ಮೂಗು ಕಟ್ಟಿತ್ತು, ಅವನು ಸೀನಲಿಲ್ಲ. ಅನ್ಯಾಯದ ಫಲವು ಯಾವಾಗಲೂ ಹೀಗೆಯೇ ಹಂಚಿಕೆಯಾಗುತ್ತದೆ ಎಂದು ನಾನು ಹಲವು ವೇದಿಕೆಗಳಲ್ಲಿ ಖಂಡಿಸಿದ್ದೇನೆ. ಕಟ್ಟಿದ ಮೂಗು ನನ್ನದೇ ಎಂಬ ಅಂಶವನ್ನು ಮಾತ್ರ ಈವರೆಗೆ ಎಲ್ಲಿಯೂ ಬಹಿರಂಗಪಡಿಸಿರಲಿಲ್ಲ.

ನಾನು ಹಾವೇರಿಯಲ್ಲಿ ಪ್ರೌಢಶಾಲಾ ಶಿಕ್ಷಕ. ಅದಕ್ಕಿಂತ ಮುಖ್ಯವಾಗಿ, ನಮ್ಮ ಬಡಾವಣೆಯ ಗ್ರಾಹಕ ಜಾಗೃತಿ ಬಳಗದ ಕಾರ್ಯದರ್ಶಿ. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂದು ಕಲಿಸಿದ ಶಾಲೆಯಲ್ಲಿ ಓದಿದವನು. ಗ್ರಾಹಕನು ಮೋಸಹೋಗದಿರುವುದು ಹೇಗೆಂಬುದರ ಬಗ್ಗೆ ಎಂಟು ಪುಟಗಳ ಕೈಪಿಡಿಯೊಂದನ್ನು ಸ್ವತಃ ರಚಿಸಿ, ಸ್ವತಃ ಮುದ್ರಿಸಿ, ಬಸ್ ನಿಲ್ದಾಣದಲ್ಲಿ ಸ್ವತಃ ಹಂಚಿದ್ದೇನೆ. ಹಂಚಿದ್ದರಲ್ಲಿ ಅರ್ಧದಷ್ಟು ಪ್ರತಿಗಳು ಮರುದಿನ ಶೇಂಗಾ ಕಟ್ಟಿಕೊಂಡು ನನ್ನ ಮನೆಗೇ ಹಿಂದಿರುಗಿದವು. ಆದರೂ ಧೃತಿಗೆಡಲಿಲ್ಲ.

ವಿಷಯ ಇಷ್ಟು. ನನ್ನ ಪತ್ನಿ ಶಾಂತಾಳ ತಂಗಿ ಗಿರಿಜಾಳಿಗೆ ಹೆಣ್ಣು ಮಗು ಹುಟ್ಟಿತು. ತಂದೆ ತಾಯಿ ಇಬ್ಬರೂ ಇಲ್ಲದ ಕಾರಣ ಅಕ್ಕನ ಮನೆಯೇ ತವರಾಯಿತು. ತೊಟ್ಟಿಲಿಗೆ ಹಾಕುವ ಕಾರ್ಯ ನಮ್ಮಲ್ಲೇ ನಿಶ್ಚಯವಾಯಿತು. ನಾಲ್ಕು ವರ್ಷದ ಹಿಂದೆ ತೀರಿಕೊಂಡ ಅತ್ತೆಯವರ ದನಿ ಒಂದೇ ಒಂದು ಕ್ಯಾಸೆಟ್ಟಿನಲ್ಲಿ ಉಳಿದಿತ್ತು. ಬ್ಯಾಡಗಿಯ ಅವರ ಮನೆಯಲ್ಲಿ ಮುದ್ರಿಸಿದ ಒಂದು ಜೋಗುಳ. ಯಾರು, ಯಾವ ಸಂದರ್ಭದಲ್ಲಿ ಮುದ್ರಿಸಿದರೆಂಬುದು ಯಾರಿಗೂ ನೆನಪಿರಲಿಲ್ಲ.

"ಅವ್ವ ಇದ್ದಿದ್ರ ತಾನ ಹಾಡಿ ಕೂಸಿನ್ನ ತೊಟ್ಟಿಲಕ್ಕ ಹಾಕ್ತಿದ್ಲು," ಎಂದಳು ಶಾಂತಾ. "ಆ ಕ್ಯಾಸೆಟ್ ಹಚ್ಚೂಣು. ನಮ್ಮ ಹಳೇ ಪೆಟ್ಟಿಗ್ಯಾಗ ದನಿ ಭಾಳ ಸಣ್ಣಗ ಬರ್ತೈತಿ. ಸ್ವಲ್ಪ ದೊಡ್ಡದಾಗಿ ಕೇಳಿಸಿದ್ರ ಸಾಕ್ರಿ. ಗಿರಿಜಾ ಹೆರಿಗಿ ಆದಾಗಿಂದ ಅವ್ವ ಅವ್ವ ಅಂತ ಅಳಾಕತ್ತಾಳ."

ಬೇಡಿಕೆ ನ್ಯಾಯಯುತವಾಗಿತ್ತು. ಆಯವ್ಯಯದ ಮಿತಿ ಮೂರು ಸಾವಿರ. ಅವಧಿ ಹದಿನೈದು ದಿನ. ನಾನು ಕ್ಯಾಸೆಟ್ ಹಾಕಿ ಕೇಳಿದೆ. ಅತ್ತೆಯವರ ದನಿಯ ಹಿಂದೆ 'ಗುಂಯ್' ಎಂಬ ನಿರಂತರ ನಾದವೊಂದಿತ್ತು. ಅದು ಹಳೆಯ ಆಂಪ್ಲಿಫೈಯರಿನ ದೋಷವೆಂದು ಅರ್ಧ ನಿಮಿಷದಲ್ಲಿ ತೀರ್ಮಾನಿಸಿದೆ.

ಬೇರೊಂದು ಕ್ಯಾಸೆಟ್ ಹಾಕಿ ಪರೀಕ್ಷಿಸಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಬೇರೊಂದು ಕ್ಯಾಸೆಟ್ ಇರಲಿಲ್ಲ. ಹಿಂದಿನ ವರ್ಷ ನಕಲಿ ಕ್ಯಾಸೆಟ್ ವಿರೋಧಿ ಸಪ್ತಾಹವನ್ನು ನಾನೇ ಸಂಘಟಿಸಿ, ಮನೆಯಲ್ಲಿದ್ದ ಅರವತ್ತೆರಡು ಕ್ಯಾಸೆಟ್ಟುಗಳನ್ನು ತಿಪ್ಪೆಗೆ ಹಾಕಿದ್ದೆ. ತತ್ತ್ವ ಉಳಿದಿತ್ತು. ಹೋಲಿಸಿ ನೋಡಲು ಏನೂ ಉಳಿದಿರಲಿಲ್ಲ!

ಮೊದಲು ಹಾವೇರಿಯ ಅಂಗಡಿಯೊಂದಕ್ಕೆ ಹೋದೆ. ಮಾಲೀಕರು ಮಿಣಮಿಣ ದೀಪಗಳಿದ್ದ ಪೆಟ್ಟಿಗೆಯೊಂದನ್ನು ಮುಂದಿಟ್ಟರು.

"ನೋಡ್ರಿ ಸರ. ಐದು ಸಾವಿರ ವ್ಯಾಟ್!"

"ಇದು ಪಿ.ಎಂ.ಪಿ.ಓ. ಲೆಕ್ಕಾನೋ, ಆರ್.ಎಂ.ಎಸ್. ಲೆಕ್ಕಾನೋ?"

"ಅದು... ಕಂಪನಿ ಲೆಕ್ಕ ರೀ."

ಐದು ಸಾವಿರವೆಂಬುದು ಪಿ.ಎಂ.ಪಿ.ಓ. ಲೆಕ್ಕ, ಅಂದರೆ ಯಂತ್ರವು ಕಣ್ಣು ಮಿಟುಕಿಸುವಷ್ಟು ಹೊತ್ತು ಕೊಚ್ಚಿಕೊಳ್ಳುವ ಶಕ್ತಿ. ನಿಂತು ದುಡಿಯುವ ನಿಜವಾದ ಶಕ್ತಿಯನ್ನು ಆರ್.ಎಂ.ಎಸ್. ವ್ಯಾಟಿನಲ್ಲಿ ಹೇಳಬೇಕು, ಹಾಗೆ ಹೇಳಿದರೆ ಆ ಪೆಟ್ಟಿಗೆಯದು ಮೂವತ್ತನ್ನೂ ದಾಟದು. ಇದನ್ನು ನಾನು ನಲವತ್ತು ನಿಮಿಷಗಳ ಕಾಲ, ಕೈಪಿಡಿಯ ಆಧಾರಸಹಿತ ವಿವರಿಸಿದೆ. ಅಷ್ಟರಲ್ಲಿ ಮೂವರು ಗಿರಾಕಿಗಳು ಬಂದು, ಕೇಳಿ, ಹೊರಟುಹೋದರು. ಮಾಲೀಕರು ಕೈ ಜೋಡಿಸಿದರು.

"ಸರ, ನೀವು ತಗೊಳ್ಳೂದು ಬ್ಯಾಡ. ಚಹಾ ಕುಡದು ಹೊಂಡ್ರಿ. ಬೇಕಾದ್ರ ಎರಡು ಕಪ್ ಕುಡೀರಿ."

ಅನ್ಯಾಯದ ವಿರುದ್ಧ ದೊರೆತ ಮೊದಲ ಜಯವೆಂದು ಭಾವಿಸಿ ಎರಡು ಕಪ್ ಕುಡಿದೆ.

ಮುಂದಿನ ಭಾನುವಾರ ಹಳೆಯ ಆಂಪ್ಲಿಫೈಯರನ್ನು ಹೊತ್ತು ರಾಣೆಬೆನ್ನೂರಿಗೆ ನಡೆದೆ. ಅರ್ಥಾತ್ ಬಸ್ಸಿನಲ್ಲಿ ನಿಂತು ಹೋದೆ. ಅಲ್ಲಿ ದಾದಾಪೀರ್ ಎಂಬ ಮೆಕ್ಯಾನಿಕ್ ಇದ್ದಾರೆ. ಅವರು ಪೆಟ್ಟಿಗೆಯನ್ನು ಬಿಚ್ಚಿ, ಒಳಗೆಲ್ಲ ಇಣುಕಿ, ಮತ್ತೆ ಮುಚ್ಚಿದರು.

"ಇದರಾಗ ಏನೂ ಖೋಟ್ ಇಲ್ಲ ಮಾಸ್ತರ್. ಕ್ಯಾಸೆಟ್ ತಂದೀರೇನು?"

"ಇಲ್ಲ. ಇರೂದು ಒಂದ ಪ್ರತಿ. ಮೂಲ ಪ್ರತಿ ಇನ್ನೊಬ್ಬರ ಕೈಯಾಗ ಕೊಡಬಾರದು. ಕೈಪಿಡಿ, ಮೂರನೇ ಪುಟ."

"ಕ್ಯಾಸೆಟ್ ಇಲ್ದ ಆ ಗುಂಯ್ ಅನ್ನೂದನ್ನ ನಾ ಎಲ್ಲಿಂದ ಕೇಳ್ಲಿ? ನೀವ ಒಮ್ಮಿ ಮಾಡಿ ತೋರಸ್ರಿ."

ಕಣ್ಣು ಮುಚ್ಚಿ, ಉಸಿರೆಳೆದು, ಒಂದು ನಿಮಿಷ ಗುಂಯ್ ಎಂದೆ. ರಸ್ತೆಯಲ್ಲಿ ಹೋಗುತ್ತಿದ್ದ ಎಮ್ಮೆ ನಿಂತಿತು.

"ಚಲೋ ಮಾಡ್ತೀರಿ," ಎಂದರು ದಾದಾಪೀರ್ ಗಂಭೀರವಾಗಿ. "ಆದ್ರ ಆಂಪ್ಲಿಫೈಯರ್ ಹಿಂಗ ಅನ್ನೂದಿಲ್ರಿ. ಮೊದಲ ಕ್ಯಾಸೆಟ್ ತರ್ರಿ."

ರೋಗ ನಿರ್ಣಯವನ್ನು ವಿಳಂಬಿಸುವುದು ದುರಸ್ತಿಗಾರರ ಸಾಮಾನ್ಯ ತಂತ್ರ. ನಾಲ್ಕನೆಯ ಪುಟ! ಹೊಸದೇ ಬೇಕೆಂದು ಪಟ್ಟು ಹಿಡಿದೆ. ಅವರು ನಿಟ್ಟುಸಿರು ಬಿಟ್ಟರು.

"ಮೂರು ಸಾವಿರಕ್ಕ ಹೊಸದು ಅಂದ್ರ ಸುಳ್ಳು ವ್ಯಾಟ್ ಸಿಗ್ತಾವು. ಬ್ಯಾಡಗ್ಯಾಗ ಒಬ್ಬರು ಮೆಣಸಿನಕಾಯಿ ಸಾವ್ಕಾರ್ರು ಅದಾರ. ಗೋದಾಮಿನ್ಯಾಗ ಕಾಯಿ ತೊಟ್ಟು ಬಿಡಸೂ ಹೆಣ್ಣಮಕ್ಕಳಿಗೆ ಹಾಡು ಹಚ್ಚಾಕ ಒಂದು ಸ್ಟೀರಿಯೊ ಇಟ್ಟಿದ್ರು. ಈಗ ಮಾರ್ತಾರಂತ. ಖರೇ ನೂರು ವ್ಯಾಟ್. ಬಿಸಿ ಆದ್ರ ತಾನ ತಿರಗೂ ಫ್ಯಾನ್ ಐತಿ ಹಿಂದ."

ಖರೇ ನೂರು ವ್ಯಾಟ್! ನಾಡಿನಲ್ಲಿ ಪ್ರಾಮಾಣಿಕತೆ ಉಳಿದಿದೆ ಎಂದುಕೊಂಡು ಅಲ್ಲಿಂದಲೇ ಬ್ಯಾಡಗಿಯ ಬಸ್ ಹತ್ತಿದೆ. ದಾರಿಯಲ್ಲಿ ಕಿಟಕಿಯ ಗಾಳಿಗೆ ನೆಗಡಿ ಶುರುವಾಯಿತು. ಬ್ಯಾಡಗಿಯಲ್ಲಿ ಇಳಿಯುವಾಗ ಮೂಗು ಪೂರ್ತಿ ಬಂದ್.

ಸಾಹುಕಾರರು ಗೋದಾಮಿನ ಮೂಲೆಯಿಂದ ಅದನ್ನು ತರಿಸಿದರು. ಹಿಂಬದಿಯಲ್ಲಿ ನಿಜವಾಗಿಯೂ '೧೦೦ ವ್ಯಾಟ್ ಆರ್.ಎಂ.ಎಸ್.' ಎಂಬ ತಗಡಿನ ಪಟ್ಟಿಯಿತ್ತು. ಎರಡು ನಿಮಿಷ ಚಾಲೂ ಮಾಡಿ ನೋಡಿದೆವು. ಫ್ಯಾನು ತಿರುಗುವಷ್ಟು ಬಿಸಿಯಾಗಲಿಲ್ಲ. ಸುತ್ತ ನಿಂತಿದ್ದ ನಾಲ್ವರು ಸೀನಿದರು. ಆದರೆ ಬ್ಯಾಡಗಿಯಲ್ಲಿ ಸೀನುವುದು ಸುದ್ದಿಯಲ್ಲ.

"ಕುಂದ್ರಿ ಮಾಸ್ತರ," ಎಂದರು ಸಾಹುಕಾರರು. "ಮುಚ್ಚಳ ಬಿಚ್ಚಿ ಒಳಗ ಒಮ್ಮಿ ಗಾಳಿ ಹೊಡಸಿ ಕೊಡ್ತೇನಿ. ಹತ್ತ ನಿಮಿಷದ ಕೆಲಸ."

"ಮುಚ್ಚಳ ಬಿಚ್ಚಕೂಡದು!"

ಕೈಪಿಡಿಯ ಐದನೆಯ ಪುಟ ಇಡೀ ಈ ವಿಷಯಕ್ಕೇ ಮೀಸಲಾಗಿದೆ. ಮಾರಾಟದ ಕೊನೆಯ ಕ್ಷಣದಲ್ಲಿ ಮುಚ್ಚಳ ತೆಗೆಯುವವನು ಒಳಗಿನ ಭಾಗ ಬದಲಿಸುತ್ತಾನೆ. ನಾನು ಚೀಲದಿಂದ ಅಂಟಿನ ಬಾಟಲಿ ತೆಗೆದು, ನಾಲ್ಕೂ ಸಂದುಗಳಿಗೆ ಕಾಗದದ ಪಟ್ಟಿ ಹಚ್ಚಿ, 'ಗ್ರಾಹಕರ ಸಮಕ್ಷಮ ಮುದ್ರೆ ಹಾಕಲಾಗಿದೆ' ಎಂದು ಬರೆದು ಸಹಿ ಮಾಡಿದೆ. ಸಾಹುಕಾರರು ನನ್ನನ್ನೂ ಪೆಟ್ಟಿಗೆಯನ್ನೂ ಸ್ವಲ್ಪ ಹೊತ್ತು ನೋಡಿದರು.

"ನಿಮ್ಮ ಮರ್ಜಿ," ಎಂದರು.

ಹಳೆಯದನ್ನು ವಿನಿಮಯವಾಗಿ ಅಲ್ಲೇ ಬಿಟ್ಟೆ. ಹೊಸದನ್ನು ಅವರೇ ಕೊಟ್ಟ ಗೋಣಿಚೀಲದಲ್ಲಿ ಸುತ್ತಿ ತಂದೆ. ಹಿಂದಿರುಗುವ ಬಸ್ಸಿನಲ್ಲಿ ನನ್ನ ಅಕ್ಕಪಕ್ಕದ ಸೀಟುಗಳು ಖಾಲಿಯಾದವು. ಶಿಕ್ಷಕ ವೃತ್ತಿಗೆ ಜನ ಇನ್ನೂ ಗೌರವ ಕೊಡುತ್ತಾರೆ ಎಂದು ಸಂತೋಷಪಟ್ಟೆ.

ತೊಟ್ಟಿಲ ದಿನ ಬಂತು. ನೆಗಡಿ ಹೋಗಿರಲಿಲ್ಲ. ನನ್ನನ್ನೂ ಸೇರಿಸಿ ಇಪ್ಪತ್ತೊಂದು ಮಂದಿ ನಡುಮನೆಯಲ್ಲಿ ಕಿಕ್ಕಿರಿದಿದ್ದೆವು. ಮಗುವೊಂದು ಮಾತ್ರ ಒಳಕೋಣೆಯಲ್ಲಿ ಮಲಗಿತ್ತು. ಆಂಪ್ಲಿಫೈಯರನ್ನು ನಾನು ಉದ್ದೇಶಪೂರ್ವಕವಾಗಿ ಹಿಂದುಮುಂದಾಗಿ ಇಟ್ಟಿದ್ದೆ. ಪ್ರಾಮಾಣಿಕ ವ್ಯಾಟಿನ ಪಟ್ಟಿ ಹಿಂಬದಿಯಲ್ಲಿತ್ತಲ್ಲ? ಅದನ್ನು ಸಾರ್ವಜನಿಕರು ಓದಬೇಕಿತ್ತು. ಫ್ಯಾನೂ ಹಿಂಬದಿಯಲ್ಲೇ ಇತ್ತೆಂಬುದು ಗೌಣ ಸಂಗತಿಯಾಗಿ ಕಂಡಿತು.

ಜೋಗುಳಕ್ಕೆ ಮುನ್ನ, ಮೈಕು ಜೋಡಿಸಿ, ಪ್ರಾಸ್ತಾವಿಕವಾಗಿ ಎರಡು ಮಾತು ಆರಂಭಿಸಿದೆ. ಸುಳ್ಳು ವ್ಯಾಟಿನ ಜಾಹೀರಾತುಗಳು ಸಮಾಜವನ್ನು ಹೇಗೆ ಹಾಳುಮಾಡುತ್ತಿವೆ ಎಂಬುದರ ಕುರಿತು ಇಪ್ಪತ್ತು ನಿಮಿಷಗಳಾದವು.

"ರೀ, ಭಾಷಣ ಸಾಕು. ಅವ್ವನ ಹಾಡು ಹಚ್ರಿ," ಎಂದಳು ಶಾಂತಾ.

"ಇನ್ನೊಂದೇ ಅಂಶ," ಎಂದೆ.

ಆ ಅಂಶದ ನಡುವೆ ಆಂಪ್ಲಿಫೈಯರ್ ಬಿಸಿಯಾಯಿತು. ಫ್ಯಾನು ಟಕ್ ಎಂದು ಎಚ್ಚರಗೊಂಡು ಗಿರ್ರನೆ ತಿರುಗಿತು. ವರ್ಷಾನುಗಟ್ಟಲೆ ಗೋದಾಮಿನಲ್ಲಿ ಒಳಗೆ ಶೇಖರಗೊಂಡಿದ್ದ ಮೆಣಸಿನಕಾಯಿ ಪುಡಿ, ಕೆಂಪು ಮೋಡವಾಗಿ, ನೂರು ವ್ಯಾಟಿನ ಪಟ್ಟಿಯನ್ನು ಓದುತ್ತಿದ್ದ ಸಾರ್ವಜನಿಕರ ಮುಖಕ್ಕೆ ನೇರವಾಗಿ ಬಡಿಯಿತು.

ಮೊದಲ ಸೀನು ನಮ್ಮ ಷಡ್ಡಕರದು. ಆಮೇಲೆ ಲೆಕ್ಕ ಇಡುವುದು ಕಷ್ಟವಾಯಿತು. ಬಾಗಿಲಿನಲ್ಲಿ ನೂಕುನುಗ್ಗಲು! ಸೆರಗು, ಟವೆಲ್ಲು, ಆರತಿ ತಟ್ಟೆಯ ಮೇಲಿನ ಬಟ್ಟೆ, ಕೈಗೆ ಸಿಕ್ಕಿದ್ದೆಲ್ಲ ಮೂಗಿಗೇರಿತು. ನನಗೇನೂ ವಾಸನೆ ಬರುತ್ತಿರಲಿಲ್ಲವಾಗಿ, ಸಭಿಕರು ಭಾವಪರವಶರಾಗಿ ಕಣ್ಣೀರಿಡುತ್ತಿದ್ದಾರೆಂದು ತಿಳಿದು ಇನ್ನೆರಡು ವಾಕ್ಯ ಮುಂದುವರಿಸಿದೆ. ಗಿರಿಜಾ ಒಳಗೋಡಿ ಮಗುವಿನ ಕೋಣೆಯ ಬಾಗಿಲು ಹಾಕಿಕೊಂಡು, ಅಲ್ಲಿಂದಲೇ ಸೀನುತ್ತ ಕೂಗಿದಳು:

"ಮಾಮಾರ! ಮೊದಲ ಅದನ್ನ ಬಂದ್ ಮಾಡ್ರಿ!"

ಸೀನದೆ ಕುಳಿತಿದ್ದವರು ಒಬ್ಬರೇ: ಅತ್ತೆಯವರ ತಂಗಿ, ಬ್ಯಾಡಗಿಯ ನೀಲವ್ವ ಚಿಗವ್ವ. ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಲೇ ಆಯುಷ್ಯ ಕಳೆದವಳು. ಆಕೆ ನಿಧಾನವಾಗಿ ಎದ್ದು, ಸ್ವಿಚ್ ಆರಿಸಿ, ಪೆಟ್ಟಿಗೆಯ ಮೇಲೆ ಬೆರಳಾಡಿಸಿ, ಮೂಸಿ ನೋಡಿದಳು.

"ಈ ಪೆಟ್ಟಿಗಿ ನನಗ ಗುರ್ತೈತಿ. ನಮ್ಮ ಗೋದಾಮಿಂದು. ಸಂಜಿಗೆ ಇದಕ್ಕ ಅರಿವಿ ಹೊಚ್ಚಿ ಇಡ್ರವ್ವಾ ಅಂದ್ರ ಒಬ್ಬಾಕೀನೂ ಕೇಳ್ತಿದ್ದಿಲ್ಲ." ಮತ್ತೊಮ್ಮೆ ಮೂಸಿದಳು. "ಆದ್ರ ನಮ್ಮ ಕಾಯಿ ಇಷ್ಟು ಖಾರ ಇರೂದಿಲ್ಲ. ಬಣ್ಣ ಜಾಸ್ತಿ, ಖಾರ ಕಡಿಮಿ. ಇದರಾಗ ಬ್ಯಾರೆ ಊರ ಕಾಯಿ ಕೂಡೈತಿ ನೋಡು."

"ಕಲಬೆರಕೆ!" ಎಂದು ನಾನು ಜೇಬಿನಿಂದ ಪೆನ್ನು ತೆಗೆದೆ.

ಶಾಂತಾ ಕೆಂಪು ಕಣ್ಣುಗಳಿಂದ ನನ್ನನ್ನು ನೋಡಿದಳು. ಪೆನ್ನನ್ನು ಒಳಗಿಟ್ಟೆ.

ತೊಟ್ಟಿಲನ್ನು ಎದುರುಮನೆಯ ಕಟ್ಟೆಯ ಮೇಲೆ ಕಟ್ಟಲಾಯಿತು. ಕ್ಯಾಸೆಟ್ ಹಚ್ಚಲು ಹಳೆಯ ಆಂಪ್ಲಿಫೈಯರ್ ಇರಲಿಲ್ಲ, ವಿನಿಮಯವಾಗಿತ್ತು. ನೀಲವ್ವ ಚಿಗವ್ವ ತಾನೇ ಒಂದು ಜೋಗುಳ ಹಾಡಿದಳು. ಉಳಿದವರೆಲ್ಲ ಸೀನುತ್ತ ಸೊಲ್ಲು ಹಿಡಿದರು. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ಮೂರು ಸಲ ಪ್ರಯತ್ನಿಸಿ ನಾಲ್ಕನೆಯ ಸಲ ಯಶಸ್ವಿಯಾದಳು. ಗಿರಿಜಾಳ ಕಣ್ಣೀರು ಮಾತ್ರ ಎಲ್ಲರದು ನಿಂತ ಮೇಲೂ ನಿಲ್ಲಲಿಲ್ಲ. ಅದು ಮೆಣಸಿನಕಾಯಿಯದಲ್ಲವೆಂದು ನನಗೂ ತಿಳಿಯಿತು.

ವಾರದ ನಂತರ, ಶಾಂತಾ ಹೇಳಿ ಕಳಿಸಿದ್ದರಿಂದ, ದಾದಾಪೀರ್ ಮನೆಗೆ ಬಂದರು. ನನ್ನ ನಾಲ್ಕೂ ಮುದ್ರೆಗಳನ್ನು ಬ್ಲೇಡಿನಿಂದ ಕೆರೆದು ತೆಗೆದು, ಅಂಗಳದಲ್ಲಿಟ್ಟು ಗಾಳಿ ಹೊಡೆದರು. ಆಮೇಲೆ ಶಾಂತಾ ಕ್ಯಾಸೆಟ್ ಹಾಕಿದಳು. ಗಿರಿಜಾ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ನೀಲವ್ವ ಚಿಗವ್ವ ಗೋಡೆಗೊರಗಿದ್ದಳು.

ಅತ್ತೆಯವರ ದನಿ ನಡುಮನೆಯನ್ನು ತುಂಬಿತು. ಜೊತೆಗೆ ಗುಂಯ್ ಎಂಬ ನಾದವೂ, ಮೊದಲಿಗಿಂತ ಸ್ಪಷ್ಟವಾಗಿ, ಖರೇ ನೂರು ವ್ಯಾಟಿನಲ್ಲಿ ತುಂಬಿತು.

"ದೋಷ ಹೋಗೇ ಇಲ್ಲ!" ಎಂದೆ.

"ಎಲ್ಲಿ ದೋಷ?" ಎಂದಳು ನೀಲವ್ವ ಚಿಗವ್ವ. "ಅದು ಗಿರಣಿ. ಅಕ್ಕನ ಮನಿ ಮಗ್ಗಲದಾಗ ಹಿಟ್ಟಿನ ಗಿರಣಿ ಇದ್ದಿದ್ದಿಲ್ಲೇನು?"

ನಾನು ಶಾಂತಾಳತ್ತ ತಿರುಗಿದೆ. "ನಿನಗ ಗೊತ್ತಿತ್ತೇನು?"

"ಗೊತ್ತಿಲ್ದ ಏನ್ರಿ? ಅದರ ಸಪ್ಪಳದಾಗ ಹುಟ್ಟಿ ಬೆಳದೇನಿ. ದನಿ ದೊಡ್ಡದಾಗಿ ಕೇಳಸ್ರಿ ಅಂದೆ. ಗುಂಯ್ ಅನ್ನೂದನ್ನ ತೆಗೀರಿ ಅಂತ ನಾ ಯಾವಾಗ ಅಂದೆ? ಗಿರಣಿ ಇಲ್ಲದ ನಮ್ಮವ್ವನ ಮನಿ ಎಲ್ಲೈತಿ?"

ಮಗು ಆ ಗುಂಯ್ ಕೇಳುತ್ತಲೇ ನಿದ್ದೆ ಹೋಗಿತ್ತು. ಗಿರಿಜಾ ಅಳುತ್ತಿರಲಿಲ್ಲ. ಪ್ರಕರಣ ಇಲ್ಲಿಗೇ ಮುಗಿದಿದ್ದರೆ ನನ್ನ ಮಾನ ಅಷ್ಟಿಷ್ಟು ಉಳಿಯುತ್ತಿತ್ತು. ಆದರೆ ಹಾಡು ಮುಗಿದ ಮೇಲೂ ಕ್ಯಾಸೆಟ್ ಓಡುತ್ತಿತ್ತು. ಹಳೆಯ ಪೆಟ್ಟಿಗೆಯಲ್ಲಿ ಎಂದೂ ಕೇಳಿಸದಿದ್ದ ಸಣ್ಣ ಮಾತುಗಳು ಹೊಸದರಲ್ಲಿ ಅಕ್ಷರ ಅಕ್ಷರವಾಗಿ ಕೇಳಿಸಿದವು. ಮೊದಲು ಅತ್ತೆಯವರು:

"ಸಾಕೇನ್ರಿ ಮಾಸ್ತರ? ಗಿರಣಿ ಬಂದ್ ಆಗ್ಲಿ, ಚಂದಗೆ ಹಾಡ್ತೇನಿ ಅಂದ್ರ ಕೇಳವಲ್ಲರಿ."

ಅನಂತರ ಒಂದು ಗಂಡು ದನಿ. ಪರಿಚಿತವಾದದ್ದು, ಸ್ವಲ್ಪ ಭಾಷಣದ ಧಾಟಿಯದು:

"ಗಿರಣಿ ಬಂದ್ ಆಗಬಾರದ್ರಿ ಅತ್ತಿ! ಈ ಗದ್ದಲದಾಗ ಜೋಗುಳ ಸುದ್ದಾ ಕೇಳಸೂದಿಲ್ಲ ಅಂತ ಪುರಸಭೆಗೆ ಅರ್ಜಿ ಕೊಡೂದೈತಿ. ಇದು ಸಾಕ್ಷಿ. ಇನ್ನೊಮ್ಮಿ ಹಾಡ್ರಿ. ಈ ಸಲ ಇನ್ನಷ್ಟು ಸಣ್ಣ ದನಿಲೆ!"

ಟಕ್ ಎಂದು ಕ್ಯಾಸೆಟ್ ನಿಂತಿತು.

ವರ್ಷಕ್ಕೆ ನಲವತ್ತು ಅರ್ಜಿ ಬರೆಯುವವನಿಗೆ ಎಲ್ಲವೂ ನೆನಪಿರುವುದಿಲ್ಲ. ದಾದಾಪೀರ್ ಸ್ಕ್ರೂ ಹುಡುಕುವ ನೆವದಲ್ಲಿ ಮಂಚದ ಕೆಳಗೆ ಬಗ್ಗಿದರು; ಅವರ ಬೆನ್ನು ಬಹಳ ಹೊತ್ತು ಕುಲುಕುತ್ತಿತ್ತು. ಶಾಂತಾ ಕ್ಯಾಸೆಟ್ಟನ್ನು ಹಿಂದಕ್ಕೋಡಿಸಿ, ತಾಯಿ ಮಾತನಾಡಿದ್ದನ್ನು ಮಾತ್ರ ಮೂರು ಸಲ ಕೇಳಿದಳು. ಹಾಡಷ್ಟೇ ಉಳಿದಿದೆ ಎಂದು ತಿಳಿದಿದ್ದಳು, ಮಾತೂ ಉಳಿದಿತ್ತು. ಆಮೇಲೆ ನನ್ನತ್ತ ತಿರುಗಿ ಹೇಳಿದಳು:

"ನಿಮ್ಮ ದನೀನೂ ಖರೇ ನೂರು ವ್ಯಾಟ್ ಐತಿ ನೋಡ್ರಿ."

ಆದ್ದರಿಂದ, ಗ್ರಾಹಕ ಜಾಗೃತಿ ಬಳಗದ ಮಾನ್ಯ ಕಾರ್ಯದರ್ಶಿಯವರಲ್ಲಿ ನನ್ನ ಸ್ಪಷ್ಟ ಒತ್ತಾಯವೇನೆಂದರೆ: ತಾವು ಬರುವ ಭಾನುವಾರದೊಳಗೆ, ಸೀನಿದ ಹತ್ತೊಂಬತ್ತು ಮಂದಿಯ ಮನೆಗಳಿಗೂ ಖುದ್ದಾಗಿ ತೆರಳಿ, ತಲಾ ಒಂದು ಕರವಸ್ತ್ರ ನೀಡಿ ಕ್ಷಮೆ ಯಾಚಿಸತಕ್ಕದ್ದು. ಕರಪತ್ರದ ಮೂಲಕವಲ್ಲ, ಬಾಯಿಂದ. ಮತ್ತು ಒಂದು ಮನೆಗೆ ಒಂದೇ ವಾಕ್ಯ.

ಈ ಒತ್ತಾಯಪತ್ರವನ್ನು ಬ್ಯಾಡಗಿಯಿಂದ ತಂದ ಗೋಣಿಚೀಲದ ಮೇಲೆ ಇಟ್ಟುಕೊಂಡು, ಸಲ್ಲಿಸಿದವರ ಜಾಗದಲ್ಲಿ ಒಂದು, ಸ್ವೀಕರಿಸಿದವರ ಜಾಗದಲ್ಲಿ ಒಂದು, ಹೀಗೆ ಎರಡು ಸಹಿ ಮಾಡಿದೆ. ಅಷ್ಟರಲ್ಲಿ ನೆಗಡಿ ವಾಸಿಯಾಗಿ ಮೂಗು ತೆರೆದಿತ್ತು. ಎರಡನೆಯ ಸಹಿ ಅರ್ಧದಲ್ಲಿ ಕಾಗದದಾಚೆ ಹಾರಿಹೋಗಿದೆ. ಸೀನಿದವರ ಸಂಖ್ಯೆಯನ್ನು ಇಪ್ಪತ್ತು ಎಂದು ತಿದ್ದಿಕೊಳ್ಳಬೇಕು.