ಏಳೇಳ್ಲೆ ಎಲ್ಲಿ?

ನನ್ನ ಸೋದರಮಾವನಂಥ ಜಿಪುಣ ಇಳಕಲ್ಲಿನಲ್ಲಷ್ಟೇ ಅಲ್ಲ, ಹುನಗುಂದ, ಬಾದಾಮಿ, ಬಾಗಲಕೋಟೆ ಜಾಲಾಡಿದರೂ ಸಿಗಲಿಕ್ಕಿಲ್ಲ! ದುಡ್ಡಿನ ಜಿಪುಣನಲ್ಲ ಮತ್ತೆ. ಕೇಳಿದರೆ ಮೈಮೇಲಿನ ಅಂಗಿ ಬಿಚ್ಚಿಕೊಟ್ಟಾನು. ಐದು ನಿಮಿಷ ಕೇಳಿ ನೋಡೋಣ!

ಮಾಮಾ ನಮ್ಮ ಶಾಲೆಯ ಮಾಸ್ತರ. ನಾನು ಅವನ ಮನೆಯಲ್ಲೇ ಇದ್ದು ಓದುವವ. ಅಂದರೆ ಹಗಲೂ ರಾತ್ರಿ ಸಿಕ್ಕಿಬಿದ್ದವ. ಅವನ ಬಾಯಲ್ಲಿ ಸದಾ ಒಂದೇ ಮಾತು: "ಮುಂದ!" ಲೆಕ್ಕ ಮುಗಿದರೆ "ಮುಂದ!" ಪದ್ಯ ಮುಗಿದರೆ "ಮುಂದ!" ಉಣ್ಣುವಾಗ ರೊಟ್ಟಿ ಮುಗಿದರೂ "ಮುಂದ!"

"ಮುಂದ ಏನೂ ಇಲ್ಲ, ಹಿಟ್ಟ ತೀರೇದ. ಏಳ್ರಿ!" ಎಂದು ಮಾಮಿ ಒಲೆಯ ಬಳಿಯಿಂದ ಕೂಗಿದ ದಿನ ಮಾತ್ರ ಸುಮ್ಮನೆ ಎದ್ದ.

ಗಡ್ಡ ಬೋಳಿಸಿಕೊಳ್ಳುವಾಗಲೂ ನನ್ನಿಂದ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದ. ನಾನು ತಪ್ಪಿದರೆ ಗಕ್ಕನೆ ತಿರುಗುವನು, ಗಲ್ಲ ಕೊಯ್ದುಕೊಳ್ಳುವನು. ಹದಿಮೂರರ ಮಗ್ಗಿ ಕಲಿಯುವಷ್ಟರಲ್ಲಿ ನಾನು ಅವನನ್ನು ಅರ್ಧ ಕೊಂದಿದ್ದೆ!

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಅವನಿಗೆ ಹಾಜರಿಯ ಮೇಲೆ ಕಣ್ಣು ಬಿತ್ತು. ಹೆಸರು ಕೂಗುತ್ತ ಕೂಡುವುದು ದಂಡವಂತೆ! ಸರಿ, ಪ್ರತಿಯೊಬ್ಬನಿಗೂ ಮಗ್ಗಿಯ ಒಂದೊಂದು ಸಾಲು ಹಂಚಿದ. ನನ್ನದು ಏಳಾರ್ಲೆ ನಲವತ್ತೆರಡು. ಪಕ್ಕದಲ್ಲಿ ಕೂಡುವ ನೇಕಾರರ ಹುಡುಗನದು ಏಳೇಳ್ಲೆ ನಲವತ್ತೊಂಬತ್ತು. ಬೆಳಿಗ್ಗೆ ಸರಸರ ಒಪ್ಪಿಸುತ್ತ ಹೋಗಬೇಕು. ಎಲ್ಲಿ ಸರಪಳಿ ಕಡಿಯಿತೋ ಅವನು ಗೈರುಹಾಜರು! ಮಗ್ಗಿಯೂ ಆಯಿತು, ಹಾಜರಿಯೂ ಆಯಿತು. ನಮ್ಮ ಹೆಸರು ನಮಗೇ ಮರೆತುಹೋದವು. ಸಂತೆಯಲ್ಲೂ "ಲೇ ಏಳೇಳ್ಲೆ, ಎಲ್ಲಿ ಹೊಂಟೀಯೋ?" ಎಂದೇ ಕೂಗಾಟ.

ಒಮ್ಮೆ ಬಾಗಲಕೋಟೆಯಿಂದ ತಪಾಸಣೆಯ ಸಾಹೇಬರು ಬಂದರು. ಬೇರೆ ಮಾಸ್ತರರು ಹೂವಿನ ಹಾರ ತರಲು ಓಡಿದರು. ಮಾಮಾ ಎಲ್ಲಿ ಓಡಿಯಾನು? "ಕೂಡ್ರಿ ಸಾಹೇಬ್ರ, ಹಾಜರಿ ನಡದದ" ಎಂದ. ಪಾಪ, ಅವರು ಖಾಲಿ ಕಂಡ ಜಾಗದಲ್ಲಿ ನಮ್ಮ ಜೊತೆಗೇ ಕೂತರು. ಅದು ಒಂಬತ್ತೊಂಬತ್ಲೆಯವನ ಜಾಗ! ಸರದಿ ಬಂತು. ಇಡೀ ವರ್ಗ ಅವರತ್ತ ತಿರುಗಿತು. ಸಾಹೇಬರು ಬೆವರಿ, "ಎಂಬತ್ತೊಂದು" ಎಂದುಬಿಟ್ಟರು.

"ಶಾಣ್ಯಾ! ಮುಂದ!" ಎಂದ ಮಾಮಾ.

ಬೇರೆ ಮಾಸ್ತರರಿಗೆ ಹುಡುಗರು ಬೆಳೆದರೆ ಖುಷಿ. ಮಾಮಾನಿಗೆ ಗಾಬರಿ! ನಮ್ಮ ಕಾಲು ನೋಡಿ ಬೈಯುತ್ತಿದ್ದ: "ಉದ್ದ ಆಗಬ್ಯಾಡ್ರಲೇ, ಭಾಗಾಕಾರ ಇನ್ನೂ ಬಾಕಿ ಅದ!" ಎಂಥ ಹುಚ್ಚು ಎಂದು ನಾನು ಬಿದ್ದುಬಿದ್ದು ನಕ್ಕೆ.

"ಯಾಕ ನಗತೀಯೋ?" ಎಂದಳು ಮಾಮಿ. "ಮಗ್ಗದ ಕುಣಿಯೊಳಗ ಕೂತ್ರ ತುಳಿಯೋ ಹಲಗಿಗೆ ಕಾಲ ಮುಟ್ಟಿದ್ವು ಅಂದ್ರ ನೇಕಾರರ ಹುಡುಗರ ಸಾಲಿ ಮುಗೀತು. ಅದರೊಳಗ ಎಷ್ಟ ಕಲಿಸಲಿಕ್ಕೆ ಆಗತದೋ ಅಂತ ಅವರ ಅವಸರ."

ದೀಪಾವಳಿ ಕಳೆದ ಮೇಲೆ ಒಂದು ದಿನ ಏಳೇಳ್ಲೆಯ ಅಪ್ಪ ವರ್ಗದ ಬಾಗಿಲಲ್ಲಿ ನಿಂತಿದ್ದ. ಸೊಂಟ ಹಿಡಿದುಕೊಂಡಿದ್ದ.

"ಮಾಸ್ತರ, ನಾಳಿಂದ ಇಂವ ಬರೂದಿಲ್ರಿ. ಕಾಲ ಮುಟ್ಟತಾವು."

"ಭಾಗಾಕಾರ ಈಗ ಹಿಡದೇನಪ್ಪಾ. ಒಂದ ತಿಂಗಳ ಬಿಡು."

"ಕುಣಿಯಾಗ ಇಳದ್ರ ನನಗ ಏಳಾಕ ಬರವಲ್ದರಿ. ನಿಮ್ಮ ಹತ್ರ ಒಂದ ತಿಂಗಳ ಇದ್ರ ನನಗ ಕೊಡ್ರಿ."

ಅಷ್ಟು ವರ್ಷ ಒಂದೊಂದೇ ನಿಮಿಷ ಉಳಿಸಿದ ಮಾಮಾನ ಹತ್ತಿರ ಒಂದು ತಿಂಗಳು ಇರಲಿಲ್ಲ ನೋಡಿ. ಏಳೇಳ್ಲೆ ಪಾಟಿ ಬಗಲಲ್ಲಿಟ್ಟುಕೊಂಡು ಹೋದ. ಅವನ ಮನೆ ಶಾಲೆಯ ಹಿಂದಿನ ಓಣಿಯಲ್ಲೇ.

ಮರುದಿನ ಹಾಜರಿ. ನಾನು "ಏಳಾರ್ಲೆ ನಲವತ್ತೆರಡು" ಎಂದೆ. ಪಕ್ಕದಲ್ಲಿ ಯಾರೂ ಇಲ್ಲ. ಸುಮ್ಮನಿರುವ ಜಾತಿಯೇ ನಾನು? "ಏಳೇಳ್ಲೆ ನಲವತ್ತೊಂಬತ್ತು!" ಎಂದು ಅದನ್ನೂ ಕೂಗಿ, ಶಾಣ್ಯಾ ಎನ್ನುತ್ತಾನೆಂದು ಮಾಮಾನ ಮುಖ ನೋಡಿದೆ.

"ಅದು ನಿಂದಲ್ಲ" ಎಂದ.

ಆ ಸಾಲನ್ನು ಅವನು ಯಾರಿಗೂ ಕೊಡಲಿಲ್ಲ. ನಾನು ಎಲ್ಲವನ್ನೂ ಉಬ್ಬಿಸಿ ಹೇಳುವವ, ನಿಮಗೆ ಗೊತ್ತೇ ಇದೆ, ಇದೊಂದನ್ನು ಉಬ್ಬಿಸಿಲ್ಲ. ವರ್ಷ ಮುಗಿಯುವತನಕ ದಿನಾ ನನ್ನ ಸಾಲು ಮುಗಿದ ಮೇಲೆ, ಐದು ನಿಮಿಷ ಯಾರಿಗೂ ಕೊಡದ ಆ ಜಿಪುಣ ಕಿಟಕಿಯತ್ತ ತಿರುಗಿ ನಿಂತುಬಿಡುತ್ತಿದ್ದ. ಹಿಂದಿನ ಓಣಿಯಿಂದ ಮಗ್ಗದ ಸದ್ದು ಕೇಳುತ್ತಿತ್ತು. ನಾವೂ ಕೇಳುತ್ತ ಕೂಡುತ್ತಿದ್ದೆವು.

ಆಮೇಲೆ ಮೆಲ್ಲಗೆ ಅನ್ನುತ್ತಿದ್ದ: "ಮುಂದ."