ನಮ್ಮ ಭಾವನವರ ಮೂರು ಪ್ರಾಣ

ನಮ್ಮ ಭಾವನವರು ಇದುವರೆಗೆ ಒಂಬತ್ತು ಸಾವಿರದ ನಾನೂರ ಹನ್ನೆರಡು ಸಲ ಸತ್ತಿದ್ದಾರೆ. ಉತ್ಪ್ರೇಕ್ಷೆ ನನ್ನ ಸ್ವಭಾವವಲ್ಲ. ನಾನು ಗಣಿತದ ಮೇಷ್ಟ್ರು. ಈ ಸಂಖ್ಯೆಯನ್ನು ಅವರೇ ಕೈಯಾರೆ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ, ಪ್ರತಿ ಸಾವಿಗೂ ಕ್ರಮಸಂಖ್ಯೆ, ಸ್ಥಳ, ಕಾರಣ ಸಮೇತ. ಕೊನೆಯ ಸಾವು ನಿನ್ನೆ ಸಂಜೆ ಕಾಫಿಗೆ ಮುಂಚೆ ಆಯಿತು. ಕಾಫಿಯನ್ನು ಎಂದಿನಂತೆ ಕುಡಿದರು.

ಸಾಯುವುದು ವಿಡಿಯೋ ಗೇಮಿನಲ್ಲಿ. ಭಾವ ಅಂದರೆ ನನ್ನ ಅಕ್ಕನ ಗಂಡ. ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದವರು. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು, ಅಳತೆ ತಪ್ಪಿದ್ದಕ್ಕೆ ಕೆಂಪು ಬಣ್ಣ ಬಳಿದು, ಪುಸ್ತಕದಲ್ಲಿ ಕಾರಣ ಬರೆಯುವುದು ಅವರ ಕೆಲಸ. ನಿವೃತ್ತರಾದ ಮೇಲೆ ಅಳೆಯುವುದಕ್ಕೆ ಏನೂ ಸಿಗದೆ ತಮ್ಮನ್ನೇ ಅಳೆಯತೊಡಗಿದರು. ಓರಗೆಯವರೆಲ್ಲ ಬೆಳಿಗ್ಗೆ ವಾಕಿಂಗ್ ಹೊರಟರೆ ಇವರು ಟೀವಿ ಮುಂದೆ ಕುಳಿತು, ಎಲ್ಲೆಲ್ಲಿಂದಲೋ ಹುಡುಕಿ ತರಿಸಿದ ಹಳೆಯ ಆಟಗಳಲ್ಲಿ ಗುಂಡಿಗೆ ಬೀಳುತ್ತಾರೆ, ಎದ್ದು ಬಂದು ಕಾರಣ ಬರೆಯುತ್ತಾರೆ. 'ಆತುರ.' 'ಅತಿ ಆತ್ಮವಿಶ್ವಾಸ.' ಒಂದು ಕಡೆ 'ದೋಸೆಗೆ ಕರೆದದ್ದು' ಎಂದೂ ಇದೆ.

"ನೋಡೋ, ನನ್ನ ದೋಸೆ ಮೇಲೆ ಕೊಲೆ ಆರೋಪ ಹೊರಿಸವ್ರೆ," ಎಂದು ಅಕ್ಕ ಆ ಪುಟವನ್ನು ನನಗೆ ತೋರಿಸಿದ್ದಳು.

ಇಂಥವರ ಮನೆಗೆ ನಾನು ದಿನಾ ಹೋಗತೊಡಗಿದ್ದು ನನ್ನ ಬಲಗೈಗಾಗಿ.

ಕಡಕೊಳದ ಹತ್ತಿರ ಸ್ಕೂಟರಿನಿಂದ ಬಿದ್ದೆ. ಲಾರಿ ಬಂತೇ, ಜೋರಾಗಿ ಹೋಗುತ್ತಿದ್ದಿರಾ ಎಂದು ಎಲ್ಲರೂ ಕೇಳುತ್ತಾರೆ. ಲಾರಿ ಬಂದದ್ದು ನಿಜ. ಅದಕ್ಕೆ ದಾರಿ ಬಿಡಲು ನಾನು ರಸ್ತೆಯ ಎಡ ಅಂಚಿಗೆ ಬಂದು, ಗಾಡಿಯನ್ನು ಪೂರ್ತಿ ನಿಲ್ಲಿಸಿ, ಎರಡೂ ಕಾಲು ಊರಿದೆ. ಎಡಗಾಲು ಊರಿದ ಕಡೆ ನೆಲ ಇರಲಿಲ್ಲ. ಚರಂಡಿಯಲ್ಲಿ ನಾನು ಕೆಳಗೆ, ಗಾಡಿ ಮೇಲೆ, ನಡುವೆ ನನ್ನ ಬಲಗೈ. ನಿಂತ ಸ್ಕೂಟರಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡೆ ಎಂದಾಗ ಮೂಳೆ ಡಾಕ್ಟರು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ಮೂರನೆಯ ಸಲ ನರ್ಸನ್ನು ಕರೆದು ಅವರ ಮುಂದೆ ಕೇಳಿದರು.

ಬ್ಯಾಂಡೇಜು ಬಿಚ್ಚಿದಾಗ ಬೆರಳುಗಳು ಮಡಚಲೇ ಇಲ್ಲ. ಸರಸ್ವತಿಪುರಂನ ಒಂದು ಟ್ಯುಟೋರಿಯಲ್ಲಿನಲ್ಲಿ ಹತ್ತೊಂಬತ್ತು ವರ್ಷದಿಂದ ನಾನು ಲೆಕ್ಕ ಮಾಡಿಸುತ್ತೇನೆ. ಚಾಕ್‌ಪೀಸ್ ಹಿಡಿಯದ ಗಣಿತದ ಮೇಷ್ಟ್ರನ್ನು ಯಾರು ಇಟ್ಟುಕೊಳ್ಳುತ್ತಾರೆ? ಅಲ್ಲಿಯ ಮೇಡಂ ಒಳ್ಳೆಯವರು. "ಹೊಸ ಬ್ಯಾಚ್ ಶುರುವಾಗೋ ಮುಂಚೆ ಒಂದ್ಸಲ ಬಂದು ಬೋರ್ಡ್ ಮೇಲೆ ಬರೆದು ತೋರಿಸಿ ಸಾರ್. ಆಗದಿದ್ರೆ ಈ ವರ್ಷಕ್ಕೆ ಬೇರೆಯವರನ್ನ ನೋಡ್ಕೋತೀನಿ," ಎಂದರು. ನನಗೆ ಎರಡು ತಿಂಗಳಿತ್ತು, ಜೊತೆಗೆ ಫಿಸಿಯೋಥೆರಪಿಯವರು ಕೊಟ್ಟ ಒಂದು ರಬ್ಬರ್ ಚೆಂಡು.

ನಾನು ಚೆಂಡು ಹಿಂಡುವುದನ್ನು ಭಾವ ಒಂದು ದಿನ ಕುಳಿತು ನೋಡಿದರು.

"ಇದರಲ್ಲಿ ಸೋಲೋದು ಹೇಗೆ?" ಎಂದು ಕೇಳಿದರು.

"ಸೋಲೋದೆಲ್ಲ ಇಲ್ಲ ಭಾವ. ಸುಮ್ಮನೆ ಹಿಂಡೋದು."

"ಮತ್ತೆ ಕೈಗೆ ಹೇಗೆ ಗೊತ್ತಾಗುತ್ತಯ್ಯ, ತಪ್ಪಾಯ್ತು ಅಂತ?"

ಮರುದಿನ ಈ ಪ್ರಶ್ನೆಯನ್ನೂ, ಚೆಂಡಿನ ಬದಲು ವಿಡಿಯೋ ಗೇಮ್ ಆಡು ಎಂದ ಭಾವನವರ ಸಲಹೆಯನ್ನೂ ಫಿಸಿಯೋಥೆರಪಿಯವರ ಮುಂದಿಟ್ಟೆ. ಚೆಂಡನ್ನು ಬಿಡಬೇಡಿ, ಆಟ ಬೇಕಾದರೆ ಆಡಿಕೊಳ್ಳಿ ಎಂದರು. ಹೀಗೆ ನನ್ನ ಕೈಗೆ ಭಾವನವರ ಕಂಟ್ರೋಲರ್ ಬಂತು, ಪುಸ್ತಕದಲ್ಲಿ ನನಗೊಂದು ಪ್ರತ್ಯೇಕ ಪುಟ ಬಂತು.

ಆಟ ಹಳೆಯದು. ಇಟ್ಟಿಗೆ ಜೋಡಿಸಿದ ಹಾಗೆ ಕಾಣುವ ಒಬ್ಬ ಪುಟ್ಟ ಮನುಷ್ಯ ಬಲಕ್ಕೆ ಓಡುತ್ತಾನೆ. ಗುಂಡಿ ಬಂದಾಗ ಬಲಗೈ ಹೆಬ್ಬೆರಳಿನಿಂದ ಕಂಟ್ರೋಲರಿನ ಬಟನ್ ಒತ್ತಿದರೆ ಹಾರುತ್ತಾನೆ. ಅವನಿಗೆ ಮೂರು ಪ್ರಾಣ. ಮೂರೂ ಹೋದರೆ ಎಷ್ಟೇ ದೂರ ಬಂದಿದ್ದರೂ ಮತ್ತೆ ಮೊದಲಿನಿಂದ. ನನ್ನ ವಿಷಯದಲ್ಲಿ ಈ ಕೊನೆಯ ನಿಯಮದಿಂದ ನಷ್ಟವೇನೂ ಆಗಲಿಲ್ಲ, ಏಕೆಂದರೆ ಮೊದಲ ಗುಂಡಿಯನ್ನೇ ನಾನು ದಾಟಿರಲಿಲ್ಲ. ಮೊದಲ ದಿನ ಐವತ್ತೆಂಟು ಸಾವು, ಎಲ್ಲವೂ ಒಂದೇ ಜಾಗದಲ್ಲಿ. 'ಸ್ಥಳ' ಎಂಬ ಕಾಲಮಿನಲ್ಲಿ ಭಾವ ಮೇಲಿನಿಂದ ಕೆಳಗೆ ಒಂದೇ ಗೆರೆ ಎಳೆದುಬಿಟ್ಟರು.

ಎರಡನೆಯ ವಾರ ನನಗೆ ಕೂಗುವ ಅಭ್ಯಾಸ ಬಂತು. "ಅಯ್ಯೋ ಸತ್ತೆ" ಎಂದು ನಾನು ಕೂಗಿದ್ದು ಕಾಂಪೌಂಡಿನಾಚೆ ಕೇಳಿ, ಪಕ್ಕದ ಮನೆಯಾಕೆ ಒಂದು ಕೈಯಲ್ಲಿ ನೀರು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಓಡಿ ಬಂದರು. ಅಕ್ಕ ಬಾಗಿಲಲ್ಲೇ ತಡೆದಳು.

"ಗಾಬರಿ ಬೇಡ ಕಣ್ರೀ, ನಮ್ಮ ತಮ್ಮ. ಬನ್ನಿ, ಕಾಫಿ ಕುಡೀರಿ. ಇನ್ನೂ ಎರಡು ಸಲ ಸಾಯೋದಿದೆ."

ನಾನು ಆಟವೇ ಬಾರದವನಲ್ಲ ಎಂದು ತೋರಿಸಲು ಒಂದು ದಿನ ನನ್ನ ಫೋನು ತೆಗೆದೆ. ಒಂದೇ ಬಣ್ಣದ ಹಣ್ಣುಗಳನ್ನು ಜೋಡಿಸುವ ಆಟದಲ್ಲಿ ನಾನು ಇನ್ನೂರ ಹದಿನಾಲ್ಕನೆಯ ಹಂತ ಮುಟ್ಟಿದ್ದೆ, ಅದೂ ಎಡಗೈಯಲ್ಲಿ. ಭಾವ ಕನ್ನಡಕ ಹಾಕಿಕೊಂಡು, ಫೋನನ್ನು ಮೇಜಿನ ಮೇಲಿಟ್ಟು, ಮುಟ್ಟದೆ ಸುಮ್ಮನೆ ನೋಡುತ್ತ ಕುಳಿತರು. ಕೊಂಚ ಹೊತ್ತಿಗೆ ಮೂರು ದ್ರಾಕ್ಷಿಗಳು ತಾವಾಗಿಯೇ ಅಲುಗಾಡಿದವು. ನಮ್ಮನ್ನು ಎಳೆ ಎನ್ನುವ ಹಾಗೆ.

"ಎಲ್ಲಿ ಒತ್ತಬೇಕು ಅಂತ ಅದೇ ಹೇಳ್ತಾ ಇದೆಯಲ್ಲೋ!"

"ಅದು ಸೂಚನೆ ಭಾವ."

"ಅದೇ ಆಡ್ತಾ ಇದೆ ಕಣಯ್ಯ. ನೀನು ಬೆರಳು ಬಾಡಿಗೆಗೆ ಕೊಟ್ಟಿದೀಯ, ಅಷ್ಟೆ."

ಅದು ಮುಂದೆ ಜಾಹೀರಾತು ತೋರಿಸಿತು. ಅದನ್ನು ನೋಡಿದರೆ ಐದು ಪ್ರಾಣ ಕೊಡುತ್ತೇನೆಂದಿತು. ಭಾವ ಕನ್ನಡಕ ತೆಗೆದಿಟ್ಟರು.

ಆಟಗಳ ಬಗ್ಗೆ ಅವರಿಗೊಂದು ಸಿದ್ಧಾಂತವಿತ್ತು. ಅವರ ಕಾಲೇಜು ದಿನಗಳಲ್ಲಿ ನಾಣ್ಯ ಹಾಕಿ ನಿಂತುಕೊಂಡು ಆಡುವ ದೊಡ್ಡ ಪೆಟ್ಟಿಗೆಗಳಿದ್ದವಂತೆ. ಅವು ಯಾರಿಗೂ ಏನನ್ನೂ ಹೇಳಿಕೊಡುತ್ತಿರಲಿಲ್ಲ. ಕಣ್ಣು ಮಿಟುಕಿಸಿದರೆ ಹೊರಗೆ. ಅದರಿಂದಲೇ ತಮ್ಮ ಪೀಳಿಗೆಗೆ ತಾಳ್ಮೆ ಬಂತು ಎಂದು ಅವರ ನಂಬಿಕೆ. ಈಗಿನ ಆಟಗಳೋ, ಬೀಗರನ್ನು ಮನೆ ತುಂಬಿಸಿಕೊಂಡ ಹಾಗೆ: ಇತ್ತ ಬನ್ನಿ ಎಂದು ಬಾಣದ ಗುರುತು, ಮೆಟ್ಟಿಲಿದೆ ಹುಷಾರು ಎಂದು ಎಚ್ಚರಿಕೆ, ಬಾಗಿಲು ತೆಗೆದದ್ದಕ್ಕೆ ಒಂದು ಪದಕ. ಬಿದ್ದರೆ ಮೊದಲಿನಿಂದ ಬರಬೇಕಾಗದಂತೆ ಎರಡು ಹೆಜ್ಜೆಗೊಮ್ಮೆ ಎಲ್ಲಿದ್ದೀರೋ ಅಲ್ಲೇ ಉಳಿಸಿಕೊಳ್ಳುವ ಏರ್ಪಾಡು ಬೇರೆ. ಇದೂ ಒಂದು ಆಟವೇ? ಎನ್ನುತ್ತಿದ್ದರು.

ಐದನೆಯ ವಾರ ನಾನು ಗುಂಡಿಗಳನ್ನು ದಾಟತೊಡಗಿದ್ದೆ. ಹದಿನೇಳು ಗುಂಡಿ ದಾಟಿ, ಹದಿನೆಂಟನೆಯದರ ಅಂಚಿನಲ್ಲಿ ಕೊನೆಯ ಪ್ರಾಣ ಹೋಯಿತು. ಪರದೆ ಕಪ್ಪಾಗಿ, ಪುಟ್ಟ ಮನುಷ್ಯ ಮತ್ತೆ ಮೊದಲ ಗುಂಡಿಯ ಮುಂದೆ ನಿಂತ. ಅವನನ್ನು ನೋಡಿದ್ದೇ ನನ್ನ ಕೈ ನಡುಗತೊಡಗಿತು. ನಿಲ್ಲಿಸಲು ಆಗಲಿಲ್ಲ. ಕಡಕೊಳದ ಚರಂಡಿಯಲ್ಲಿ ಗಾಡಿಯ ಕೆಳಗೆ ಬಿದ್ದುಕೊಂಡು, ಲಾರಿಯ ಸದ್ದು ದೂರವಾಗುವುದನ್ನು ಕೇಳುತ್ತಿದ್ದಾಗಲೂ ಅದು ಹೀಗೇ ನಡುಗಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ನಿಂತ ಗಾಡಿಯಿಂದ ಬಿದ್ದೆ ಎಂದು ನಗಿಸುವುದು ಸುಲಭವಾಗಿತ್ತು. ಕಂಟ್ರೋಲರನ್ನು ದಿವಾನ್ ಮೇಲಿಟ್ಟು ಮನೆಗೆ ಬಂದೆ. ನಾಲ್ಕು ದಿನ ಹೋಗಲಿಲ್ಲ. ಚೆಂಡನ್ನೂ ಮುಟ್ಟಲಿಲ್ಲ.

ಐದನೆಯ ದಿನ ಭಾವನವರೇ ಬಂದರು, ಆಟದ ಯಂತ್ರವನ್ನು ಚೀಲದಲ್ಲಿ ಹೊತ್ತುಕೊಂಡು. ನನ್ನ ಟೀವಿಗೆ ತಂತಿ ಸಿಕ್ಕಿಸಿದರು. ಆಟ ಹೊಸದು. ಹಳೆಯದಕ್ಕಿಂತಲೂ ಕಠಿಣ, ಎಲ್ಲ ಕಡೆ ಮುಳ್ಳು. ಹಾರಿದೆ, ಸತ್ತೆ. ಆದರೆ ನಾನು 'ಸತ್ತೆ' ಎನ್ನುವುದರೊಳಗೆ ಅದೇ ಮುಳ್ಳಿನ ಮುಂದೆ ನನ್ನ ಮನುಷ್ಯ ಮತ್ತೆ ನಿಂತಿದ್ದ. ಕಪ್ಪು ಪರದೆ ಇಲ್ಲ, ಪ್ರಾಣಗಳ ಎಣಿಕೆ ಇಲ್ಲ.

"ಇದು ನೀವು ಬೈತಿದ್ದ ಹೊಸ ಕಾಲದ್ದಲ್ವಾ?" ಎಂದೆ.

ಭಾವ ಮಿಕ್ಕ ತಂತಿಯನ್ನು ಸುತ್ತತೊಡಗಿದರು. "ನಾಲ್ಕು ದಿನ ಯೋಚನೆ ಮಾಡಿದೆ ಕಣಯ್ಯ. ಆ ನಾಣ್ಯದ ಪೆಟ್ಟಿಗೆ ತಾಳ್ಮೆ ಕಲಿಸೋಕೆ ಅಂತ ನಮ್ಮನ್ನ ಹೊರಗೆ ಓಡಿಸ್ತಾ ಇರ್ಲಿಲ್ಲ. ಹಿಂದೆ ನಿಂತಿರೋನ ನಾಣ್ಯ ಬೇಕಾಗಿತ್ತು ಅದಕ್ಕೆ. ನಾನು ಅದನ್ನೇ ದೊಡ್ಡ ಗುರು ಅಂದ್ಕೊಂಡ್ಬುಟ್ಟೆ. ಗುಂಡಿ ಕಷ್ಟ ಇರ್ಲಿ. ಬಿದ್ದೋನು ಮತ್ತೆ ಬಾಗಿಲಿಂದ ಯಾಕೆ ಬರ್ಬೇಕು?"

ತಮ್ಮ ನಲವತ್ತು ವರ್ಷದ ಸಿದ್ಧಾಂತಕ್ಕೆ ತಾವೇ ಕೆಂಪು ಬಣ್ಣ ಬಳಿದವರನ್ನು ನಾನು ಬೇರೆ ನೋಡಿಲ್ಲ. ಆ ಸಂಜೆ ಇನ್ನೂರಕ್ಕೂ ಹೆಚ್ಚು ಸಲ ಸತ್ತೆ. ಕೈ ಒಂದೆರಡು ಸಲ ನಡುಗಿತು, ಆದರೆ ನಡುಗುತ್ತ ನಿಲ್ಲಲು ಸಮಯ ಸಿಗಲಿಲ್ಲ.

ಟ್ಯುಟೋರಿಯಲ್ಲಿಗೆ ಹೋಗುವ ದಿನ ಭಾವ ಕರೆಯದೆಯೇ ಆಟೋದಲ್ಲಿ ಬಂದು ಕುಳಿತರು. ಖಾಲಿ ತರಗತಿ. ಮೊದಲ ಬೆಂಚಿನಲ್ಲಿ ಮೇಡಂ, ಕೊನೆಯ ಬೆಂಚಿನಲ್ಲಿ ಭಾವ. ನಾನು ಒಂದು ವರ್ಗ ಸಮೀಕರಣ ಬರೆಯತೊಡಗಿದೆ. ಎರಡನೆಯ ಸಾಲಿನಲ್ಲಿ ಚಾಕ್‌ಪೀಸ್ ಬಿತ್ತು. ಎತ್ತಿಕೊಂಡು, ನಿಂತ ಅಂಕಿಯಿಂದಲೇ ಮುಂದುವರಿಸಿದೆ. ಮತ್ತೆ ಬಿತ್ತು. ನಾಲ್ಕನೆಯ ಸಲ ಬಿದ್ದಾಗ ಮೇಡಂ ಮೆಲ್ಲಗೆ, "ಸಾಕು ಸಾರ್, ಆಯಾಸ ಮಾಡ್ಕೋಬೇಡಿ," ಎಂದರು.

"ಲೆಕ್ಕ ಮುಗಿದಿಲ್ಲವಲ್ಲಮ್ಮ," ಎಂದಿತು ಹಿಂದಿನಿಂದ ಭಾವನವರ ದನಿ.

ನಾನು ಚಾಕ್‌ಪೀಸ್ ಎತ್ತಿಕೊಂಡು ಮುಂದಿನ ಸಾಲಿಗೆ ಇಳಿದೆ. ಕೆಳಗಿನ ಸಾಲುಗಳು ಸೊಟ್ಟಗಿದ್ದವು, ಆದರೆ ಓದಲು ಬರುತ್ತಿದ್ದವು. "ಸೋಮವಾರ ಏಳು ಗಂಟೆ ಬ್ಯಾಚು ನಿಮ್ಮದೇ ಸಾರ್. ನಿಧಾನವಾಗಿ ಬರೀರಿ, ಮಕ್ಕಳೂ ನಿಧಾನವಾಗೇ ಬರ್ಕೊಳ್ಳೋದು," ಎಂದರು. ಕೊನೆಯ ಉತ್ತರ ಬರೆಯುವುದೊಂದು ಬಾಕಿ ಇತ್ತು. ನಗು ಮುಚ್ಚಿಕೊಳ್ಳಲಾರದೆ ಹಿಂದಕ್ಕೆ ತಿರುಗಿ ನೋಡಿದೆ.

ಭಾವ ನನ್ನ ಕಡೆ ನೋಡುತ್ತಿರಲಿಲ್ಲ. ಬೋರ್ಡನ್ನೇ ನೋಡುತ್ತಿದ್ದರು. ಅವರ ಬಲಗೈಯ ಮೂರು ಬೆರಳು ಚಾಕ್‌ಪೀಸ್ ಬಿಗಿಯಾಗಿ ಹಿಡಿದ ಹಾಗೆ ಸೇರಿಕೊಂಡಿದ್ದವು, ಹಿಡಿದದ್ದೇನೂ ಇರಲಿಲ್ಲ, ಉಗುರುಗಳು ಬೆಳ್ಳಗಾಗಿದ್ದವು. ನಾನು ಬೋರ್ಡಿಗೆ ತಿರುಗಿ ಉತ್ತರ ಬರೆದು, ಅದರ ಕೆಳಗೆ ಎರಡು ಅಡ್ಡಗೆರೆ ಎಳೆದೆ. ಹಿಂದೆ, ಬೆಂಚಿನ ಮರದ ಮೇಲೆ, ಉಗುರು ಎರಡು ಸಲ ಸರಿದ ಸದ್ದಾಯಿತು.